ಹಳೇ ಲೋಹದ ಕ್ಲಾರಿನೆಟ್: ಎಲ್ಲಿಯದು, ಯಾವ ಕಾಲದ್ದು?

ಪ್ರಶ್ನೆ, ಜತ್ತದಿಂದ (ಸಾಂಗ್ಲಿ ಜಿಲ್ಲೆ): ನಿಂತುಹೋದ ಬ್ಯಾಂಡ್ ಕಂಪನಿ ಟ್ರಂಕಿನಾಗ ಒಂದು ಲೋಹದ ಕ್ಲಾರ್ನೆಟ್ ಐತ್ರಿ. ಬಿಳಿ ಮುಲಾಮು (ಲೋಹದ ಲೇಪ), ಬೆರಳಾಡೋ ಕಡೆ ಹಿತ್ತಾಳಿ ಕಾಣತೈತಿ. 17 ಕೀ (ತೂತು ಮುಚ್ಚಿ ತೆರೆಯೋ ಲೋಹದ ಗುಂಡಿ), 6 ರಿಂಗ್ (ಬೆರಳಿಡೋ ತೂತಿನ ಸುತ್ತಿನ ಬಳಿ). ಹಿಂದ ಐದಂಕಿ ನಂಬರು, ಕೆಳಗ 'ಎಲ್‌ಪಿ'. ಬೆಲ್ (ತುದಿಯ ಅಗಲ ಬಾಯಿ) ಮ್ಯಾಲಿನ ಹೆಸರು ಸವದೈತಿ. ಮೂಲ ಹೆಂಗ ಹಿಡೀಬೇಕು? ಬ್ರಾಸೋ ಹಚ್ಚಿ ತಿಕ್ಕಲೇನ್ರಿ?

ಕಾಸರಗೋಡಿನಿಂದ: ಬ್ರಾಸೋ ಬೇಡವೇ ಬೇಡ. ಸವೆದ ಅಕ್ಷರದ ಉಳಿದ ಅಂಚೂ ಅದರಲ್ಲಿ ಹೋಗುತ್ತದೆ, ಮುಲಾಮೂ ತೆಳುವಾಗುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬೆಲ್‌ಗೆ ಓರೆಯಾಗಿ, ಹೆಚ್ಚುಕಡಿಮೆ ಸವರುವ ಹಾಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ನೇರ ಬೆಳಕಿಗೆ ಕಾಣದ ಗೀರು ನೆರಳಿನಲ್ಲಿ ಎದ್ದು ಕಾಣುತ್ತದೆ. ಆಗದಿದ್ದರೆ ತೆಳು ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಮೌತ್‌ಪೀಸ್ ಕೂರುವ ಜಾಗದ ಕೆಳಗೆ, ಹೆಬ್ಬೆರಳ ಆಸರೆಯ ಸುತ್ತಲೂ ನೋಡಿ. ಮೌತ್‌ಪೀಸ್ ಮೇಲಿನ ಹೆಸರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದು ಎಷ್ಟು ಸಲ ಬದಲಾಗಿದೆಯೋ!

17 ಕೀ, 6 ರಿಂಗ್ ಅಂದರೆ ಬೋಮ್ ಪದ್ಧತಿ, ಕೀಗಳನ್ನು ಜೋಡಿಸುವ ಒಂದು ಕ್ರಮ. ಹಳೆಯ ಆಲ್ಬರ್ಟ್ ಪದ್ಧತಿಯಾದರೆ ಸಾಮಾನ್ಯವಾಗಿ 13 ಕೀ, ಎರಡೋ ನಾಲ್ಕೋ ರಿಂಗ್. ಬೋಮ್, ಎಲ್‌ಪಿ ಮುದ್ರೆ, ಲೋಹದ ಮೈ ಮೂರೂ ಸೇರಿದರೆ ನನ್ನ ಮೊದಲ ಅನುಮಾನ ಅಮೆರಿಕದ ಮೇಲೆ, 1920–30ರ ದಶಕ. ಎಲ್ಕ್‌ಹಾರ್ಟ್‌ನ ಕಾನ್, ಪೆಡ್ಲರ್, ಬಾಸ್ಟನ್‌ನ ಕಂಡಿ-ಬೆಟೋನಿ (ಅವರ 'ಸಿಲ್ವಾ-ಬೆಟ್'), ಕ್ಲೀವ್‌ಲ್ಯಾಂಡ್‌ನ ಎಚ್. ಎನ್. ವೈಟ್ ('ಕಿಂಗ್') ಆಗ ಇವನ್ನು ರಾಶಿರಾಶಿ ಮಾಡಿದರು. ಪ್ಲಾಸ್ಟಿಕ್ ಬಂದ ಮೇಲೆ ಬೇಡಿಕೆ ಬಿತ್ತು.

ಹೊಸೂರಿನಿಂದ: ಎಲ್‌ಪಿ ಅಂದರೆ 'ಲೋ ಪಿಚ್' (ತಗ್ಗಿನ ಶ್ರುತಿ), ಎ ಸ್ವರ 440 ಹರ್ಟ್ಸ್ ಆಸುಪಾಸು. 'ಎಚ್‌ಪಿ' (ಹೈ ಪಿಚ್, ಏರು ಶ್ರುತಿ) ಇದ್ದಿದ್ದರೆ 452ರ ಹತ್ತಿರ; ಬ್ರಿಟಿಷ್ ಮಿಲಿಟರಿ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಅದನ್ನೇ ಹಿಡಿದಿದ್ದವು. ಮುದ್ರೆ ನಂಬುವ ಬದಲು ಊದಿ ನೋಡಿ. ಎರಡು ಅಥವಾ ಎರಡೂವರೆ ನಂಬರಿನ ರೀಡ್ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಅದುರುವ ತೆಳು ಪಟ್ಟಿ) ಹಾಕಿ, ಐದು ನಿಮಿಷ ಊದಿ ಬಿಸಿ ಮಾಡಿ. ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ಆಮೇಲೆ ಹೆಬ್ಬೆರಳನ್ನೂ ಸೇರಿಸಿ ಎಲ್ಲ ಬೆರಳೂ ಎತ್ತಿ ಟ್ಯೂನರ್ ಆಪ್‌ನಲ್ಲಿ ಓದಿ. 349 ಬಂದರೆ ಬಿ-ಫ್ಲಾಟ್ ಕ್ಲಾರಿನೆಟ್, 440ರ ಶ್ರುತಿ. 392 ಬಂದರೆ ಸಿ, 466 ಬಂದರೆ ಚಿಕ್ಕ ಇ-ಫ್ಲಾಟ್. 358ರ ಸುತ್ತ ಬಂದರೆ ಹೈ ಪಿಚ್. 440ರ ಶ್ರುತಿಯ ಹಾರ್ಮೋನಿಯಂ ಜತೆ ಕೂಡುವುದಿಲ್ಲ. ಮೇಲ್ಭಾಗದ ಕೀಗಳ ಪ್ಯಾಡ್‌ಗಳಲ್ಲಿ (ರಂಧ್ರ ಮುಚ್ಚುವ ಮೆತ್ತೆ) ಗಾಳಿ ಸೋರಿದರೆ ಈ ಲೆಕ್ಕವೆಲ್ಲ ಸುಳ್ಳು.

ಅಕ್ಕಲಕೋಟದಿಂದ: ಬೆಲ್ ಮತ್ತ ಮೈ, ಎರಡೂ ಕಡೆ ನಂಬರಿದ್ರ ಕೂಡಸಿ ನೋಡ್ರಿ. ಬ್ಯಾಂಡಿನ ಮಂದಿ ಒಂದರ ಬೆಲ್ ಇನ್ನೊಂದಕ್ಕ ಹಾಕಿರ್ತಾರ. ರಿಂಗ್ ತಗದು ತೂತಿಗೆ ಬೆಸುಗಿ ಹಾಕಿದ ಗುರುತು ಐತೇನು ಅದನ್ನೂ ನೋಡ್ರಿ, ಇಲ್ಲಂದ್ರ ಕೀ ಲೆಕ್ಕನ ತಪ್ಪತೈತಿ. ಜಂಗ್ ಹಿಡದ ಸ್ಕ್ರೂ ಜೋರ ಮಾಡಿ ತಿರುವಬ್ಯಾಡ್ರಿ, ತಲಿ ಮುರೀತದ. ಒಂದ ಹನಿ ಮಷಿನ್ ಎಣ್ಣಿ ಬಿಟ್ಟು ರಾತ್ರಿಯೆಲ್ಲಾ ಇಡ್ರಿ.

ಆದೋನಿಯಿಂದ: ನಂಬರ್ ಒಂದನ್ನೇ ಹಿಡಿದು ವರ್ಷ ಹೇಳುವವರನ್ನು ನಂಬಬೇಡಿ. ಒಂದೊಂದು ಕಾರ್ಖಾನೆಯ ಎಣಿಕೆ ಒಂದೊಂದು, ಆದ್ದರಿಂದ ಮಾಡಿದವರು ಯಾರೆಂದು ಗೊತ್ತಾದ ಮೇಲಷ್ಟೇ ನಂಬರ್-ವರ್ಷದ ಪಟ್ಟಿಗೆ ಬೆಲೆ. ಅಂಗಡಿಯವರು ಕಾರ್ಖಾನೆಯಿಂದ ಸರಕು ತರಿಸಿ ತಮ್ಮ ಹೆಸರು ಕೆತ್ತಿಸುತ್ತಿದ್ದುದೂ ಉಂಟು. ಹಾಗಾಗಿ ಹೆಸರು ಸಿಕ್ಕಿದರೂ ಕೀಗಳ ಆಕಾರ, ಕೀಗಳನ್ನು ಹಿಡಿದಿಡುವ ಕಂಬಗಳನ್ನು ಬೆಸೆದ ರೀತಿ, ರಂಧ್ರದ ಅಂಚನ್ನು ಮೈಯಿಂದಲೇ ಎಳೆದಿದ್ದಾರೋ ಬೇರೆ ತುಂಡು ಕೂರಿಸಿದ್ದಾರೋ ಎಂಬುದನ್ನು ಹೆಸರು ಖಚಿತವಿರುವ ವಾದ್ಯಗಳ ಫೋಟೋಗಳೊಂದಿಗೆ ಹೋಲಿಸಬೇಕು. 'ಬೂಸಿ ಅಂಡ್ ಹಾಕ್ಸ್' ಎಂದು ಓದಿಬಂದರೆ 1930ಕ್ಕಿಂತ ಹಿಂದಿನದಲ್ಲ, ಆ ಎರಡು ಕಂಪನಿ ಕೂಡಿದ್ದೇ ಆಗ. ಮೀರತ್ತನ್ನೂ ಮರೆಯಬೇಡಿ, ನಮ್ಮ ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ತಯಾರಿಕಾ ಕೇಂದ್ರ ಅಲ್ಲಿನ ಜಲಿ ಕೋಠಿ.

ಮುಲಾಮು ಯಾವುದು ಅಂತಲೂ ನೋಡಿ: ಬೆಳ್ಳಿ ಕಪ್ಪಾಗುತ್ತದೆ, ನಿಕ್ಕಲ್ ಮಂಕಾಗುತ್ತದೆ. ಹೆಸರು, ನಂಬರು, ಒಂದು ರಂಧ್ರದ ಅಂಚು, ಪೂರ್ತಿ ಉದ್ದ, ಇಷ್ಟರ ಫೋಟೋ ಸ್ಕೇಲ್ ಪಕ್ಕಕ್ಕಿಟ್ಟು ಹಾಕಿ.