ಮಕ್ಕಳು, ವಯಸ್ಸಾದವರ ಜೊತೆ ಅಕ್ವೇರಿಯಂ: ಎಷ್ಟು ಹೊತ್ತು ಬೇಕು, ಯಾವುದು ಮೊದಲು?

ಶೈಲ:
ಮನೆಯವರೆಲ್ಲ ಸೇರಿ ದೊಡ್ಡ ಅಕ್ವೇರಿಯಂ ಒಂದಕ್ಕೆ ಹೋಗಬೇಕೆಂದಿದ್ದೇವೆ. ಮಕ್ಕಳಿಗೆ 3 ಮತ್ತು 7 ವರ್ಷ, ಅತ್ತೆಯವರಿಗೆ ಮಂಡಿನೋವು. ಅಲ್ಲಿ ಸುರಂಗ, ಮುಟ್ಟಿ ನೋಡುವ ಕೊಳ, ಮೀನಿಗೆ ಆಹಾರ ಹಾಕುವ ಪ್ರದರ್ಶನ ಮೂರೂ ಇವೆ. ಎಷ್ಟು ಸಮಯ ಬೇಕು, ಯಾವುದರಿಂದ ಶುರು ಮಾಡೋದು? ಮೊಬೈಲಲ್ಲಿ ಫೋಟೋ ಚೆನ್ನಾಗಿ ಬರುತ್ತಾ?

ಕಡಲತೀರ:
ಎರಡೂವರೆ ಗಂಟೆ ಇಟ್ಟುಕೊಳ್ಳಿ ಮೇಡಂ. ಅದಕ್ಕಿಂತ ಹೆಚ್ಚಾದರೆ ಚಿಕ್ಕ ಮಗು ರಚ್ಚೆ ಹಿಡಿಯುತ್ತೆ. ವಾರದ ದಿನ, ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ.

ದಿನ ಗೊತ್ತು ಮಾಡುವ ಮುಂಚೆ ಆಹಾರ ಹಾಕುವ ವೇಳಾಪಟ್ಟಿ ನೋಡಿ. ಶಾರ್ಕ್‌ಗಳಿಗೆ ಸಾಮಾನ್ಯವಾಗಿ ದಿನಾ ಆಹಾರ ಹಾಕುವುದಿಲ್ಲ, ವಾರಕ್ಕೆ ಎರಡು ಮೂರು ಸಲ ಅಷ್ಟೇ. ಅದನ್ನೇ ನೋಡಬೇಕೆಂದು ಹೋಗಿ ನಿರಾಶರಾಗುವವರು ಬಹಳ. ಪ್ರದರ್ಶನಕ್ಕೆ 15 ನಿಮಿಷ ಮೊದಲೇ ಹೋಗಿ ನಿಲ್ಲಿ, ತಡವಾದರೆ ಮಕ್ಕಳಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಒಳಗೆ ಹೋದವರೆಲ್ಲ ಮೊದಲ ನಾಲ್ಕೈದು ತೊಟ್ಟಿಗಳ ಮುಂದೆಯೇ ಜಮಾಯಿಸುತ್ತಾರೆ. ನೀವು ಅವನ್ನು ದಾಟಿ ನೇರ ಸುರಂಗಕ್ಕೆ ಹೋಗಿ, ಆಮೇಲೆ ವಾಪಸ್ ಬನ್ನಿ. ಒಮ್ಮುಖ ದಾರಿಯಾಗಿದ್ದರೆ ಇದು ಆಗಲ್ಲ, ಟಿಕೆಟ್ ಕೌಂಟರಿನಲ್ಲೇ ಕೇಳಿಬಿಡಿ. ಗಾಲಿಕುರ್ಚಿ ಸಿಗುತ್ತಾ, ಲಿಫ್ಟ್ ಎಲ್ಲಿದೆ ಅನ್ನೋದನ್ನೂ ಕೇಳಿ. ಅತ್ತೆಯವರನ್ನು ಎಲ್ಲ ಕಡೆ ನಡೆಸಬೇಡಿ. ದೊಡ್ಡ ತೊಟ್ಟಿಯ ಎದುರು ಕೂರುವ ಜಾಗ ಇದ್ದರೆ ಅದೇ ಒಳ್ಳೆಯದು. ದೊಡ್ಡ ಮೀನುಗಳು ಸುತ್ತು ಹಾಕುತ್ತಲೇ ಇರುತ್ತವೆ, ಕೂತವರ ಮುಂದೆ ತಾವಾಗಿ ಬರುತ್ತವೆ.

ನೀಲಿಗಾಜು:
ಫೋಟೋಗೆ ಮೊದಲು ಫ್ಲ್ಯಾಶ್ ಆಫ್ ಮಾಡಿ. ಅದು ಗಾಜಿಗೆ ಬಡಿದು ಬಿಳಿ ಕಲೆಯಾಗಿ ವಾಪಸ್ ಬರುತ್ತೆ, ಜೊತೆಗೆ ಮೀನುಗಳು ಬೆದರುತ್ತವೆ. ಹೆಚ್ಚಿನವಕ್ಕೆ ಕಣ್ಣು ಮುಚ್ಚಲು ರೆಪ್ಪೆಯೇ ಇಲ್ಲ. ಲೆನ್ಸನ್ನು ಗಾಜಿಗೆ ಆನಿಸಿ, ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ದಪ್ಪ ಅಕ್ರಿಲಿಕ್‌ನಲ್ಲಿ (ದೊಡ್ಡ ತೊಟ್ಟಿಗಳಿಗೆ ಹಾಕುವ ಗಾಜಿನಂಥ ಪ್ಲಾಸ್ಟಿಕ್) ಬೆಳಕು ಬಾಗಿ, ಮೀನಿನ ಅಂಚಿಗೆ ಬಣ್ಣದ ಗೆರೆ ಮೂಡಿ ಚಿತ್ರ ಮಸುಕಾಗುತ್ತೆ. ಕ್ಯಾಮೆರಾ ಸೆಟ್ಟಿಂಗ್ ನಾವೇ ಬದಲಿಸುವ ಪ್ರೊ ಮೋಡ್ ಇದ್ದರೆ ಶಟರ್ ವೇಗ ಸೆಕೆಂಡಿನ 1/125ಕ್ಕಿಂತ ನಿಧಾನ ಬೇಡ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ತೋರಿಸುವ ಐಎಸ್ಒ 1600ರವರೆಗೆ ಏರಿಸಿ. ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ, ಬಿಳಿ ಅಂಗಿಯ ಪ್ರತಿಬಿಂಬ ಗಾಜಿನಲ್ಲಿ ಎದ್ದು ಕಾಣುತ್ತೆ.

ಪಾಚಿಕಲ್ಲು:
ಮುಟ್ಟುವ ಕೊಳದ ವಿಷಯ ಯಾರೂ ಹೇಳಲಿಲ್ಲ. ಮೊದಲು ಕೈಯಲ್ಲಿರುವ ಸನ್‌ಸ್ಕ್ರೀನ್, ಲೋಷನ್, ಸ್ಯಾನಿಟೈಸರ್ ಎಲ್ಲ ಹೋಗುವಂತೆ ತೊಳೆಸಿ, ಸೋಪಿನ ಅಂಶವೂ ಉಳಿಯಬಾರದು, ಇವೆಲ್ಲ ನೀರಿಗೆ ಸೇರಿದರೆ ಪ್ರಾಣಿಗಳಿಗೆ ಅಪಾಯ. ಎರಡೇ ಬೆರಳು, ಬೆನ್ನಿನ ಮೇಲೆ ಮೆಲ್ಲಗೆ, ನೀರಿನೊಳಗೇ. ನಕ್ಷತ್ರಮೀನನ್ನು ಎತ್ತಲು ಬಿಡಬೇಡಿ. ಅದರ ಅಡಿಯಲ್ಲಿರುವ ನೂರಾರು ಸಣ್ಣ ಕೊಳವೆಪಾದಗಳು ಕಲ್ಲಿಗೆ ಕಚ್ಚಿಕೊಂಡಿರುತ್ತವೆ, ಎಳೆದರೆ ಕಿತ್ತುಹೋಗುತ್ತವೆ. ಮುಟ್ಟಿ ಮುಗಿದ ಮೇಲೆ ಸೋಪು ಹಾಕಿ ತೊಳೆಯಲೇಬೇಕು. ಕೈಗೆ ಗಾಯವಾಗಿದ್ದರೆ ಆ ಮಗು ಮುಟ್ಟುವುದೇ ಬೇಡ, ಅಂಥ ನೀರಿನ ಕೆಲವು ಬ್ಯಾಕ್ಟೀರಿಯಾ ಗಾಯದ ಮೂಲಕ ಚರ್ಮಕ್ಕೆ ಸೋಂಕು ತರುತ್ತವೆ. ತೋಳು ಒದ್ದೆಯಾಗುತ್ತೆ, ಬದಲಿ ಅಂಗಿ ಒಂದು ಇರಲಿ.

ಶೈಲ:
ತುಂಬಾ ಉಪಯೋಗವಾಯ್ತು. ಚಿಕ್ಕವಳಿಗೆ ಕತ್ತಲೆಂದರೆ ಭಯ, ಏನು ಮಾಡಲಿ? ದೊಡ್ಡವನು ಆಕ್ಟೋಪಸ್ ನೋಡಲೇಬೇಕು ಅಂತಿದ್ದಾನೆ.

ಕಡಲತೀರ:
ಬಿಸಿಲಿನಿಂದ ಬಂದವರಿಗೆ ಒಳಗೆ ಇನ್ನೂ ಕತ್ತಲೆನಿಸುತ್ತೆ. ಬಾಗಿಲ ಹತ್ತಿರವೇ ಐದು ನಿಮಿಷ ನಿಂತು ಕಣ್ಣು ಹೊಂದಿಕೊಳ್ಳಲು ಬಿಡಿ, ಆಮೇಲೆ ಎತ್ತಿಕೊಂಡೇ ಒಳಗೆ ಹೋಗಿ. ಮಗು ಹೆದರಿದರೆ ಬೆಳಕು ಹೆಚ್ಚಿರುವ ಹವಳದ ತೊಟ್ಟಿಯ ಕಡೆ ನಡೆಯಿರಿ.

ಆಕ್ಟೋಪಸ್ ತೊಟ್ಟಿಯ ನಡುವೆ ಹುಡುಕಿದರೆ ಸಿಗಲ್ಲ. ಅದು ಬಿಲದಲ್ಲಿ, ಕಲ್ಲಿನ ಸಂದಿಯಲ್ಲಿ ಅಥವಾ ಮೇಲಿನ ಮೂಲೆಯಲ್ಲಿ ಗಾಜಿಗೆ ಅಂಟಿಕೊಂಡು ಇರುತ್ತೆ, ಬಣ್ಣವೂ ಕಲ್ಲಿನದೇ. ಗಾಜಿಗೆ ಒತ್ತಿಕೊಂಡ, ಅದರ ತೋಳುಗಳ ಹೀರುಬಟ್ಟಲುಗಳ ಸಾಲು ಹುಡುಕಲು ಮಗನಿಗೆ ಹೇಳಿ. ಕಾಣದಿದ್ದರೂ ಗಾಜು ತಟ್ಟಬಾರದು, ಕಂಪನಕ್ಕೆ ಬೆದರಿ ಇನ್ನೂ ಒಳಗೆ ಸೇರಿಕೊಳ್ಳುತ್ತೆ. ಅಲ್ಲೂ ಆಹಾರ ಹಾಕುವ ಸಮಯ ಕೇಳಿಕೊಂಡು ಹೋಗಿ, ಆಗ ಹೊರಗೆ ಬರುವ ಸಾಧ್ಯತೆ ಹೆಚ್ಚು.