ಅಪ್‌ಡೇಟ್: ಯುಎಸ್‌ಬಿ 3.0 ಡಿಸ್ಕ್ ಲಿನಕ್ಸ್‌ನಲ್ಲಿ 2.10 ಎಂದು ಕಾಣುತ್ತಿದ್ದ ಸಮಸ್ಯೆ

ನನ್ನ ಯುಎಸ್‌ಬಿ 3.0 ಹಾರ್ಡ್ ಡಿಸ್ಕನ್ನು ಲಿನಕ್ಸ್ ಯುಎಸ್‌ಬಿ 2.10 ಆವೃತ್ತಿಯದು ಎಂದು ತೋರಿಸುತ್ತಿರುವುದೇಕೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿದಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ನವೀಕರಣದಿಂದಾಗಲಿ ಪೋರ್ಟ್ ಬದಲಾವಣೆಯಿಂದಾಗಲಿ ಪ್ರಯೋಜನವಾಗಲಿಲ್ಲ. ಕೇಬಲ್ ಬದಲಿಸಿ ನೋಡಿ ಎಂದವರ ಸಲಹೆಯೇ ಫಲಿಸಿತು, ಅವರಿಗೆ ಧನ್ಯವಾದಗಳು. ಈಗ ಯುಎಸ್‌ಬಿ ಸಾಧನಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್‌ಯುಎಸ್‌ಬಿ -ಟಿ’ (lsusb -t) ಆದೇಶವು ಡಿಸ್ಕಿನ ವೇಗವನ್ನು 480ಎಂ ಬದಲು 5000ಎಂ (ಸೆಕೆಂಡಿಗೆ ಮೆಗಾಬಿಟ್‌ಗಳಲ್ಲಿ) ಎಂದು ತೋರಿಸುತ್ತಿದೆ.

ನನಗೆ ಅಚ್ಚರಿಯೆನಿಸಿದ್ದು ಬೇರೆಯೇ: ಆ ಆವೃತ್ತಿ ಸಂಖ್ಯೆಯನ್ನು ಲಿನಕ್ಸ್ ತಾನಾಗಿ ನಿರ್ಧರಿಸುವುದಿಲ್ಲ, ಸಾಧನವೇ ತನ್ನ ಡಿಸ್ಕ್ರಿಪ್ಟರ್‌ನ (ತನ್ನ ಬಗ್ಗೆ ತಾನೇ ಕೊಡುವ ವಿವರಪಟ್ಟಿಯ) ‘ಬಿಸಿಡಿಯುಎಸ್‌ಬಿ’ (bcdUSB) ಎಂಬ ಕ್ಷೇತ್ರದಲ್ಲಿ ಅದನ್ನು ತಿಳಿಸುತ್ತದೆ, ಮತ್ತು 3.0 ಸಾಧನವು ಕೇಬಲ್‌ನಲ್ಲಿ ಸೂಪರ್‌ಸ್ಪೀಡ್ (3.0ರ ವೇಗದ) ತಂತಿಗಳು ಸಿಗದೆ ಹೈಸ್ಪೀಡ್‌ನಲ್ಲಿ (2.0ರ ವೇಗದಲ್ಲಿ) ಜೋಡಣೆಗೊಂಡಾಗ 2.10 ಎಂದೇ ಉತ್ತರಿಸಬೇಕೆಂಬುದು ನಿಯಮ. ಹಾಗೆಯೇ, ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ಒಂದೇ ಎಕ್ಸ್‌ಎಚ್‌ಸಿಐ (xHCI) ನಿಯಂತ್ರಕಕ್ಕೆ 2.0 ಮತ್ತು 3.0 ಎಂಬ ಎರಡು ರೂಟ್ ಹಬ್‌ಗಳು (ಪೋರ್ಟ್‌ಗಳ ಮೂಲ ಕೂಡುತಾಣಗಳು) ಪಟ್ಟಿಯಲ್ಲಿ ಕಂಡರೆ ಗಾಬರಿಪಡಬೇಕಿಲ್ಲ. ಎರಡೂ ಬಗೆಯ ತಂತಿಗಳನ್ನು ಲಿನಕ್ಸ್ ಪ್ರತ್ಯೇಕ ಬಸ್‌ಗಳೆಂದೇ (ದತ್ತಾಂಶ ಸಾಗುವ ಮಾರ್ಗಗಳೆಂದೇ) ಎಣಿಸುತ್ತದೆ.