ದುಬೈನಲ್ಲಿ ಶನಿವಾರ, ಭಾನುವಾರ ಬಿಡುವು. ಎಲ್ಲಿಗೆ ಹೋಗಲಿ?

ಪ್ರಶ್ನೆ (ಉಡುಪಿ): ಕಂಪನಿ ಕೆಲಸಕ್ಕೆ ಜನವರಿಯಲ್ಲಿ ಬಜ್ಪೆಯಿಂದ ಹೊರಡ್ತಿದ್ದೇನೆ. ಮಾಲ್ ಬೇಡ, ಹಳೇ ದುಬೈ ನೋಡುವಾಸೆ. ಅಮ್ಮ ಮಸಾಲೆ ಪುಡಿ ಕಟ್ಟಿಕೊಡ್ತಾರಂತೆ, ಒಯ್ಯಬಹುದಾ?

ಉತ್ತರ (ಸುರತ್ಕಲ್): ಕೆಲಸದ ಮೇಲೆ ಹೋದಾಗಲೆಲ್ಲ ನಾನು ಹಳೇ ದುಬೈನ ದೇರಾ ಪ್ರದೇಶಕ್ಕೆ ಹೋಗದೆ ಬರುವುದಿಲ್ಲ. ಮೆಟ್ರೋ ಗ್ರೀನ್ ಲೈನ್‌ನಲ್ಲಿ ಅಲ್ ರಾಸ್‌ಗೆ ಬಂದು ಇಳಿಯಿರಿ. ಚಿನ್ನದ ಅಂಗಡಿ ಸಾಲು, ಮಸಾಲೆ ಪೇಟೆ ನಡೆದೇ ನೋಡಬಹುದು. ಆಮೇಲೆ ಅಬ್ರಾ ಅನ್ನುವ ಮರದ ದೋಣಿಯಲ್ಲಿ ಕ್ರೀಕ್ (ಊರಿನೊಳಗೆ ಚಾಚಿದ ಸಮುದ್ರದ ಹಿನ್ನೀರು) ದಾಟಿ ಆಚೆ ದಡದ ಬರ್ ದುಬೈಗೆ ಹೋಗಿ. 1 ದಿರ್ಹಮ್ ಅಷ್ಟೇ, ಚಿಲ್ಲರೆ ಇರಲಿ. ನನಗೆ ಬುರ್ಜ್ ಖಲೀಫಾಗಿಂತ ಈ ದೋಣಿಯೇ ಜಾಸ್ತಿ ಇಷ್ಟ. ಬರ್ ದುಬೈನಲ್ಲೇ ಇರುವ ಅಲ್ ಫಹೀದಿಯಲ್ಲಿ ಗಾಳಿ ಹಿಡಿಯುವ ಗೋಪುರಗಳಿರುವ ಹಳೇ ಮನೆಗಳಿವೆ, ಬಿಡಬೇಡಿ.

ಉತ್ತರ (ಕದ್ರಿ): ಗಸಗಸೆ ಹಾಕಿದ ಪುಡಿ ಬೇಡವೇ ಬೇಡ! ಅಲ್ಲಿ ಗಸಗಸೆಗೆ ನಿಷೇಧ ಇದೆ. ಪೊಟ್ಟಣ ಕಟ್ಟುವ ಮೊದಲೇ ಅಮ್ಮನ ಹತ್ತಿರ ಕೇಳಿ.